14 ಗಂಟೆ ಮುಗಿದ ಮೇಲೆ ಪಿಸಿ ಒತ್ತಿ ಎಲ್ಲಿವರೆಗೆ ಓಡಿಸಬಹುದು?

ಎಕ್ಸಿಟ್_179 ಕೇಳಿದ್ದು:

ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ, ಇಎಲ್‌ಡಿ (ಡ್ರೈವರ್‌ನ ಗಂಟೆಗಳ ಲಾಗ್ ತಾನಾಗಿ ಬರೆಯುವ ಯಂತ್ರ) ಹಾಕಿರುವ ಟ್ರಕ್‌ಗಳ ಬಗ್ಗೆ ಪ್ರಶ್ನೆ. ಪರ್ಸನಲ್ ಕನ್ವೇಯನ್ಸ್, ಅಂದರೆ ಎಲ್ಲರೂ ಹೇಳುವ ಪಿಸಿ, ಆಫ್ ಡ್ಯೂಟಿಯಲ್ಲಿ ಸ್ವಂತಕ್ಕೆ ಗಾಡಿ ಓಡಿಸೋದು ಅಂತ ಗೊತ್ತು. ಗಡಿ ಎಲ್ಲಿದೆ ಅನ್ನೋದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸನ್ನಿವೇಶ ಹೀಗಿಟ್ಟುಕೊಳ್ಳಿ.

ಮಲಗಲು ಬರ್ತ್ ಇರುವ ಸ್ಲೀಪರ್ ಟ್ರ್ಯಾಕ್ಟರ್, 53 ಅಡಿ ಡ್ರೈ ವ್ಯಾನ್ ಟ್ರೇಲರ್. ಬೆಳಿಗ್ಗೆ 6:00ಕ್ಕೆ ಆನ್ ಡ್ಯೂಟಿ. 8 ಗಂಟೆ ಡ್ರೈವಿಂಗ್ ಆದ ಮೇಲೆ ಮಧ್ಯಾಹ್ನ 3:00ಕ್ಕೆ ನೆಬ್ರಾಸ್ಕಾದ ನಾರ್ತ್ ಪ್ಲಾಟ್‌ನಲ್ಲಿ ಸರಕು ಪಡೆಯುವ ರಿಸೀವರ್‌ನ ಡಾಕ್‌ಗೆ ಹಿಂದೆ ಹಾಕಿ ನಿಲ್ಲಿಸಿದ್ದಾಯಿತು. ಕಾಯಿಸಿ ಕಾಯಿಸಿ, ಅನ್‌ಲೋಡ್ ಮುಗಿದು ಸಹಿ ಹಾಕಿದ ಪೇಪರ್ ಕೈಗೆ ಬಂದಾಗ ರಾತ್ರಿ 8:25. ಆನ್ ಡ್ಯೂಟಿ ಆದಾಗಿನಿಂದ ಡ್ರೈವಿಂಗ್‌ಗೆ ಸಿಗುವ 14 ಗಂಟೆ 8:00ಕ್ಕೇ ಮುಗಿದಿದೆ. ರಿಸೀವರ್ ಆವರಣದಲ್ಲಿ ರಾತ್ರಿ ನಿಲ್ಲಲು ಬಿಡಲ್ಲ. ಮರುದಿನದ ಲೋಡ್ ವಯೋಮಿಂಗ್‌ನ ಶೈಯೆನ್‌ನಲ್ಲಿ, ಐ-80 ಹಿಡಿದು ಪಶ್ಚಿಮಕ್ಕೆ ಸುಮಾರು 220 ಮೈಲಿ.

ಪ್ರಶ್ನೆಗಳು: ಪಿಸಿ ಹಾಕಿಕೊಂಡು ಅದೇ ದಾರಿಯಲ್ಲಿರುವ ನೆಬ್ರಾಸ್ಕಾದ ಸಿಡ್ನಿವರೆಗೆ ಹೋಗಿ ಮಲಗಬಹುದಾ? ಮೈಲಿ ಮಿತಿ ಇದೆಯಾ? 75 ಅಂತ ಒಂದು ಅಂಕಿ ಓಡಾಡುತ್ತಿದೆ. ಟ್ರೇಲರ್ ಖಾಲಿ ಇರಲೇಬೇಕಾ? ಮತ್ತೆ ಓಡಿಸುವ ಮೊದಲು ಬೇಕಾದ 10 ಗಂಟೆ ವಿಶ್ರಾಂತಿ ಯಾವಾಗಿಂದ ಎಣಿಕೆ? ಇನ್ನೊಂದು, ಪಿಸಿಯಲ್ಲಿ ಜಿಪಿಎಸ್ 10 ಮೈಲಿಯಷ್ಟು ಮಸುಕಾಗುತ್ತದೆ ಅಂತಾರಲ್ಲ, ಹಾಗಾದರೆ ದಾರಿಯಲ್ಲಿ ತಡೆದ ಇನ್ಸ್‌ಪೆಕ್ಟರ್‌ಗೆ ಗೊತ್ತಾಗೋದು ಹೇಗೆ?

---

ಲಾಗ್_ತಪಾಸಣೆ:

ಮೊದಲು ಸಿಡ್ನಿ. ಅದು ಪಿಸಿ ಅಲ್ಲ.

ಕಾರಣ ದೂರ ಅಲ್ಲ, ದಿಕ್ಕು ಮತ್ತು ಉದ್ದೇಶ. ಅಮೆರಿಕದ ಟ್ರಕ್ ಸುರಕ್ಷತಾ ಸಂಸ್ಥೆ ಎಫ್‌ಎಂಸಿಎಸ್‌ಎ 2018ರ ಜೂನ್ 7ರಂದು ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಿದ ಮಾರ್ಗದರ್ಶನ, ಅಂದರೆ ಲಾಗ್ ಬಗೆಗಿನ ನಿಯಮ 395.8ರ ಕೆಳಗಿನ 26ನೇ ಪ್ರಶ್ನೆ, ಈಗಲೂ ಆಧಾರ. ಅದರಲ್ಲಿ ಮೈಲಿಯ ಮಿತಿ ಇಲ್ಲ, ಗಂಟೆಯ ಮಿತಿಯೂ ಇಲ್ಲ. ಮೂಲ ಷರತ್ತು ಒಂದೇ: ಡ್ರೈವರ್ ಕೆಲಸದಿಂದ ಮತ್ತು ಕೆಲಸದ ಎಲ್ಲ ಹೊಣೆಯಿಂದ ಕಂಪನಿಯ ಕಡೆಯಿಂದ ಬಿಡುಗಡೆ ಆಗಿರಬೇಕು. ಲೋಡ್ ಅಥವಾ ಅನ್‌ಲೋಡ್ ಆದ ಮೇಲೆ ಹತ್ತಿರದ, ಸಮಂಜಸವಾದ, ಸುರಕ್ಷಿತ ಜಾಗಕ್ಕೆ ಹೋಗಿ ಮಲಗಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಅದರ ಬಾಲದಲ್ಲೇ ಇನ್ನೊಂದು ಮಾತಿದೆ: ಆ ಜಾಗ ಸಮಂಜಸವಾಗಿ ಸಿಗುವ ಮೊದಲನೆಯ ಜಾಗವಾಗಿರಬೇಕು. ಜನ ಮರೆಯೋದು ಈ ಬಾಲವನ್ನೇ.

ನಾರ್ತ್ ಪ್ಲಾಟ್‌ನಲ್ಲೇ, ಎಕ್ಸಿಟ್ 179ರ ಆಸುಪಾಸಿನಲ್ಲೇ ಟ್ರಕ್ ಸ್ಟಾಪ್ ಇವೆ. ನೆಬ್ರಾಸ್ಕಾದಲ್ಲಿ ಐ-80ರ ಎಕ್ಸಿಟ್ ಸಂಖ್ಯೆ ವಯೋಮಿಂಗ್ ಗಡಿಯಿಂದ ಎಣಿಸಿದ ಮೈಲಿ, ಸಿಡ್ನಿ 59. ಅಂದರೆ 120 ಮೈಲಿ, ಮಧ್ಯೆ ಒಗಲಾಲ, ಬಿಗ್ ಸ್ಪ್ರಿಂಗ್ಸ್ ಎರಡನ್ನೂ ದಾಟಿ, ಅದೂ ನಾಳೆಯ ಲೋಡ್ ಇರುವ ದಿಕ್ಕಿಗೇ. ಸಿಗುವ ಜಾಗಗಳನ್ನು ಬಿಟ್ಟು ಮುಂದಿನ ಲೋಡಿಂಗ್ ಜಾಗಕ್ಕೆ ಹತ್ತಿರವಾಗುವುದು ಕಂಪನಿಯ ಕೆಲಸದ ಸಿದ್ಧತೆಯನ್ನು ಹೆಚ್ಚಿಸುವ ಓಡಾಟ ಅಂತ ಮಾರ್ಗದರ್ಶನ ಹೆಸರು ಹಿಡಿದೇ ಹೇಳಿ ಅದನ್ನು ಹೊರಗಿಟ್ಟಿದೆ. ಅದೇ 120 ಮೈಲಿ ಪೂರ್ವಕ್ಕೆ, ಮನೆಯವರ ಜೊತೆ ಊಟಕ್ಕೆ ಅಂತ ಹೋಗಿ ವಾಪಸ್ ಬಂದರೆ ಪಿಸಿ ಅಂತ ವಾದಿಸಲು ಜಾಗ ಇದೆ. ವಿಚಿತ್ರ ಅನ್ನಿಸಬಹುದು, ಆದರೆ ನಿಯಮದ ತರ್ಕ ಅದೇ: ಈ ಓಡಾಟದಿಂದ ಲಾಭ ಯಾರಿಗೆ?

ಹತ್ತಿರದ ಟ್ರಕ್ ಸ್ಟಾಪ್ ತುಂಬಿದ್ದರೆ ಮುಂದಿನದಕ್ಕೆ ಹೋಗಬಹುದು. ತುಂಬಿದ ಜಾಗ ಸಿಗುವ ಜಾಗ ಅಲ್ಲ. ಆದರೆ ಯಾವ ಜಾಗ ತುಂಬಿತ್ತು, ಎಷ್ಟು ಹೊತ್ತಿಗೆ ನೋಡಿದ್ದು ಅನ್ನೋದು ಲಾಗ್‌ನ ಟಿಪ್ಪಣಿಯಲ್ಲಿ ಇರಲಿ. "ಪಾರ್ಕಿಂಗ್ ಹುಡುಕುತ್ತಿದ್ದೆ" ಅಂತ ಆರು ವಾರ ಬಿಟ್ಟು ಆಡಿಟ್‌ನಲ್ಲಿ ಬಾಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಟ್ರೇಲರ್ ಖಾಲಿ ಇರಬೇಕು ಅನ್ನೋದು ಹಳೆಯ ಮಾತು. 2018ಕ್ಕೆ ಮುಂಚಿನ ಮಾರ್ಗದರ್ಶನದಲ್ಲಿ ಗಾಡಿ ಸರಕಿಲ್ಲದೆ ಇರಬೇಕಿತ್ತು; ಪರಿಷ್ಕರಣೆಯಲ್ಲಿ ಅದನ್ನು ತೆಗೆದರು. ಲೋಡ್ ಇದ್ದರೂ ಪಿಸಿ ಆಗುತ್ತದೆ. ಹ್ಯಾಜ್‌ಮ್ಯಾಟ್ (ಅಪಾಯಕಾರಿ ಸರಕು) ಇದ್ದರೂ ಆಗುತ್ತದೆ, 177 ಮತ್ತು 397ನೇ ಭಾಗಗಳ ಮಾರ್ಗ ಮತ್ತು ನಿಲುಗಡೆ ನಿಯಮ ಪಾಲಿಸಿದರೆ. ಬಾಬ್‌ಟೇಲ್ (ಟ್ರೇಲರ್ ಬಿಚ್ಚಿ ಟ್ರ್ಯಾಕ್ಟರ್ ಮಾತ್ರ) ಮಾಡಿಕೊಂಡು ಹೋದ ಮಾತ್ರಕ್ಕೆ ಪಿಸಿ ಆಗುವುದೂ ಇಲ್ಲ: ಮುಂದಿನ ಟ್ರೇಲರ್ ತರಲು ಬಾಬ್‌ಟೇಲ್ ಹೋದರೆ ಅದು ಅಪ್ಪಟ ಡ್ರೈವಿಂಗ್.

ಜನ ಎಡವುವ ಇನ್ನೊಂದು ಜಾಗ ಮನೆ. ಟರ್ಮಿನಲ್‌ನಿಂದ ಮನೆಗೆ, ಟ್ರೇಲರ್ ಬಿಡುವ ಯಾರ್ಡ್‌ನಿಂದ ಮನೆಗೆ ಓಡಾಟ ಪಿಸಿ. ಆದರೆ ಕೊನೆಯ ಲೋಡ್ ಇಳಿಸಿ ರಿಸೀವರ್‌ನಿಂದ ನೇರ ಮನೆಗೋ ಟರ್ಮಿನಲ್‌ಗೋ ಬರುವುದು ಡಿಸ್ಪ್ಯಾಚ್ ಆದ ಟ್ರಿಪ್‌ನ ಮುಂದುವರಿಕೆ, ಪಿಸಿ ಅಲ್ಲ. "ಹೊರಗಿನ ಕೆಲಸದ ಜಾಗದಿಂದ ಮನೆಗೆ" ಅಂತ ಒಂದು ಸಾಲಿದೆ, ಅದನ್ನು ಹಿಡಿದುಕೊಂಡು ವಾದಿಸುವವರಿದ್ದಾರೆ. ಅಲ್ಲಿ ಹೊರಗಿನ ಜಾಗ ಅಂದರೆ ಕಟ್ಟಡ ಕಾಮಗಾರಿ, ವಿದ್ಯುತ್ ಲೈನ್ ಕೆಲಸದವರು ದಿನಗಟ್ಟಲೆ, ವಾರಗಟ್ಟಲೆ ತಂಗಿ ಕೆಲಸ ಮಾಡುವ ತಾತ್ಕಾಲಿಕ ಕ್ಯಾಂಪ್. ಶಿಪ್ಪರ್, ರಿಸೀವರ್, ಟರ್ಮಿನಲ್ ಮೂರೂ ಅದರಲ್ಲಿ ಬರಲ್ಲ.

ರಿಪೇರಿಗೆ ಗಾಡಿ ಒಯ್ಯುವುದು ಪಿಸಿ ಅಲ್ಲ. ಗಂಟೆ ಮೀರಿದ್ದಕ್ಕೆ ಔಟ್ ಆಫ್ ಸರ್ವಿಸ್ (ಓಡಿಸದಂತೆ ತಡೆ) ಮಾಡಿದ ಮೇಲೆ ಮಲಗಲು ಬೇರೆ ಕಡೆ ಹೋಗುವುದೂ ಅಲ್ಲ, ಸ್ಥಳದಲ್ಲಿರುವ ಅಧಿಕಾರಿಯೇ "ಅಲ್ಲಿಗೆ ಹೋಗಿ ನಿಲ್ಲಿಸು" ಅಂದರೆ ಮಾತ್ರ ಹೌದು. ಮಲಗಿದ್ದವರನ್ನು ಪೊಲೀಸರು ಎಬ್ಬಿಸಿ ಗಾಡಿ ತೆಗೆಸಿದರೆ ಅದು ಪಿಸಿ. ಮಾಲ್‌ನ ಸೆಕ್ಯುರಿಟಿ ಗಾರ್ಡನ್ನು ಆ ಸಾಲಿಗೆ ಸೇರಿಸಲು ಹೋದರೆ ವಾದ ತೆಳ್ಳಗಾಗುತ್ತದೆ.

---

ಏಳು_ಮೂರು:

ಮೇಲಿನದೆಲ್ಲ ಸರಿ. ಆದರೆ ಪ್ರಶ್ನೆಯಲ್ಲಿರುವ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಈ ಸನ್ನಿವೇಶದಲ್ಲಿ ಪಿಸಿ ಬೇಕೇ ಇಲ್ಲದಿರಬಹುದು.

ಮಧ್ಯಾಹ್ನ 3ರಿಂದ ರಾತ್ರಿ 8:25ರವರೆಗಿನ ಕಾಯುವಿಕೆಯನ್ನು ಲಾಗ್‌ನ ಯಾವ ಸಾಲಿನಲ್ಲಿ ಬರೆದಿದೆ? ಡಾಕ್‌ಗೆ ನಿಲ್ಲಿಸಿದ ಮೇಲೆ ಡ್ರೈವರ್‌ಗೆ ಯಾವ ಹೊಣೆಯೂ ಇರಲಿಲ್ಲ, ಬರ್ತ್‌ನಲ್ಲಿ ಮಲಗಿದ್ದ, ಸ್ಲೀಪರ್ ಅಂತ ಬರೆದಿದೆ ಅಂದುಕೊಳ್ಳಿ: 3:10ರಿಂದ 8:20, ಅಂದರೆ 5 ಗಂಟೆ 10 ನಿಮಿಷ. 2020ರ ಸೆಪ್ಟೆಂಬರ್ 29ರಿಂದ ಜಾರಿಯಲ್ಲಿರುವ ಸ್ಪ್ಲಿಟ್ ನಿಯಮದ (ವಿಶ್ರಾಂತಿಯನ್ನು ಎರಡು ತುಂಡು ಮಾಡುವುದು) ಪ್ರಕಾರ, ಕನಿಷ್ಠ 7 ಗಂಟೆ ಸತತ ಸ್ಲೀಪರ್ ಒಂದು ತುಂಡು, ಕನಿಷ್ಠ 2 ಗಂಟೆ ಸತತ ಆಫ್ ಡ್ಯೂಟಿ ಅಥವಾ ಸ್ಲೀಪರ್ ಇನ್ನೊಂದು ತುಂಡು, ಎರಡೂ ಕೂಡಿ 10 ಗಂಟೆಗೆ ಕಡಿಮೆ ಇಲ್ಲದಂತೆ. ಯಾವುದು ಮೊದಲು ಬಂದರೂ ಸರಿ. ಜೋಡಿ ಕೂಡಿದರೆ ಎರಡು ತುಂಡೂ 14 ಗಂಟೆಯ ಲೆಕ್ಕದಿಂದ ಹೊರಗೆ.

ಹಾಗಾದರೆ 14 ಗಂಟೆ ರಾತ್ರಿ 8:00ಕ್ಕೆ ಮುಗಿಯಲ್ಲ. 5:10 ಸೇರಿಸಿ, ನಡುರಾತ್ರಿ ದಾಟಿ 1:10ಕ್ಕೆ ಮುಗಿಯುತ್ತದೆ. 8 ಗಂಟೆ ಡ್ರೈವಿಂಗ್ ಆಗಿದೆ, ಒಟ್ಟು ಓಡಿಸಬಹುದಾದ 11 ಗಂಟೆಯಲ್ಲಿ 3 ಉಳಿದಿದೆ. ಸಿಡ್ನಿಗೆ 120 ಮೈಲಿ, ಎರಡು ಗಂಟೆಯ ಒಳಗೇ. ಡ್ರೈವಿಂಗ್ ಅಂತಲೇ ಬರೆದು ಹೋಗಿ, ಅಲ್ಲಿ ಸತತ 7 ಗಂಟೆ ಸ್ಲೀಪರ್ ಹಿಡಿದರೆ ಮುಗಿಯಿತು. ಕಡ್ಡಾಯವಾದ 30 ನಿಮಿಷದ ಬ್ರೇಕ್ ಕೂಡ ಈ ಕಾಯುವಿಕೆಯಲ್ಲೇ ಬಂದುಹೋಯಿತು.

ಎರಡು ಎಚ್ಚರಿಕೆ. ಸಿಡ್ನಿಯಲ್ಲಿ ಎದ್ದ ಮೇಲೆ ಹೊಸ 11 ಮತ್ತು 14 ಸಿಗಲ್ಲ. ಎಣಿಕೆ ಮೊದಲ ತುಂಡು ಮುಗಿದ ರಾತ್ರಿ 8:20ರಿಂದ ಶುರು, ಹಾಗಾಗಿ ಆ ಎರಡು ಗಂಟೆ ಡ್ರೈವಿಂಗ್ ಮರುದಿನದ ಖಾತೆಗೆ ಬಿದ್ದಿರುತ್ತದೆ. ಬೆಳಿಗ್ಗೆ ಕೈಯಲ್ಲಿರೋದು ಸುಮಾರು 9 ಗಂಟೆ ಡ್ರೈವಿಂಗ್. ಹೊಸ ಗಡಿಯಾರ ಬೇಕಿದ್ದರೆ 7 ಅಲ್ಲ, ಪೂರ್ತಿ 10 ಹಿಡಿಯಬೇಕು. ಎರಡನೆಯದು, ಕೆಲವು ಇಎಲ್‌ಡಿಗಳು ಎರಡನೇ ತುಂಡು ಪೂರ್ತಿ ಆಗುವವರೆಗೆ ಪರದೆಯಲ್ಲಿ ಕೆಂಪು ಉಲ್ಲಂಘನೆ ತೋರಿಸುತ್ತಲೇ ಇರುತ್ತವೆ. 7 ಗಂಟೆ ಮುಗಿದ ಕ್ಷಣ ಅದು ಹೋಗುತ್ತದೆ. ಆ ಕೆಂಪು ನೋಡಿ ಗಾಬರಿಯಾಗಿ ಪಿಸಿ ಒತ್ತಿ, ಕಾನೂನುಬದ್ಧವಾಗಿದ್ದ ಓಡಾಟವನ್ನು ತಾವೇ ಸುಳ್ಳು ಲಾಗ್ ಮಾಡಿಕೊಳ್ಳುವವರು ಬೇಕಾದಷ್ಟಿದ್ದಾರೆ.

ಕಾಯುವಿಕೆಯನ್ನು ಆನ್ ಡ್ಯೂಟಿ ಅಂತ ಬರೆದಿದ್ದರೆ, ಅಥವಾ ಡ್ರೈವರ್ ತಾನೇ ಪ್ಯಾಲೆಟ್ ಎಣಿಸುತ್ತಾ ನಿಂತಿದ್ದರೆ ಈ ದಾರಿ ಮುಚ್ಚಿತು. ಆಗ ಪಿಸಿ, ಅದೂ ನಾರ್ತ್ ಪ್ಲಾಟ್ ಒಳಗೇ.

ಇನ್ನೊಂದು ತಪ್ಪು ತಿಳುವಳಿಕೆ. ದಿನದ ನಡುವೆ ಪಿಸಿ ಹಾಕಿ ಊಟಕ್ಕೆ ಹೋದರೆ 14 ಗಂಟೆಯ ಗಡಿಯಾರ ನಿಲ್ಲಲ್ಲ. ಆಫ್ ಡ್ಯೂಟಿ ಆದ ಮಾತ್ರಕ್ಕೆ ಅದು ನಿಂತುಬಿಡುವುದಿಲ್ಲ, ಓಡುತ್ತಲೇ ಇರುತ್ತದೆ. 8 ದಿನಕ್ಕೆ 70 ಗಂಟೆ ಅನ್ನುವ ಮಿತಿಗೆ ಮಾತ್ರ ಪಿಸಿ ಸೇರಲ್ಲ.

---

ಕೋಡ್_ಮೂರು:

ಇಎಲ್‌ಡಿ ಭಾಗಕ್ಕೆ ಉತ್ತರ. "10 ಮೈಲಿ ಮಸುಕು, ಯಾರಿಗೂ ಗೊತ್ತಾಗಲ್ಲ" ಅನ್ನೋದು ಅರ್ಧ ಸತ್ಯ.

ಪಿಸಿ ಆರಿಸಿದಾಗ ಇಎಲ್‌ಡಿ ದಾಖಲೆಯಲ್ಲಿ ಟೈಪ್ 3 ಘಟನೆ ಬೀಳುತ್ತದೆ: ಕೋಡ್ 1 ಅಂದರೆ ಪಿಸಿ, ಕೋಡ್ 2 ಅಂದರೆ ಯಾರ್ಡ್ ಮೂವ್ (ಆವರಣದೊಳಗಿನ ಓಡಾಟ), ಕೋಡ್ 0 ಅಂದರೆ ತೆಗೆದಿದ್ದು. ಪಿಸಿ ನಡೆಯುವಾಗ ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಒಂದು ಸ್ಥಾನಕ್ಕೆ ಇಳಿಸುತ್ತಾರೆ, ಸಾಮಾನ್ಯವಾಗಿ ಎರಡು ಸ್ಥಾನ ಇರುತ್ತದೆ. ಓಡೋಮೀಟರ್ ಮತ್ತು ಎಂಜಿನ್ ಗಂಟೆಯ ಜಾಗ ಖಾಲಿ ಬಿಡುತ್ತಾರೆ. ಆದರೆ ಇದಕ್ಕೊಂದು ವಿನಾಯಿತಿ ಇದೆ: ಎಂಜಿನ್ ಆನ್ ಮತ್ತು ಆಫ್ ಆದ ಘಟನೆಗಳಲ್ಲಿ ಮೈಲಿ, ಗಂಟೆ ಎರಡೂ ಉಳಿಯುತ್ತವೆ.

ಈಗ ನಾರ್ತ್ ಪ್ಲಾಟ್‌ನಿಂದ ಸಿಡ್ನಿಗೆ ಪಿಸಿಯಲ್ಲಿ ಹೋದ ಗಾಡಿಯ ದಾಖಲೆ ಹೇಗೆ ಕಾಣುತ್ತದೆ ಅಂತ ನೋಡಿ. ಡಾಕ್‌ನಲ್ಲಿ ಆನ್ ಡ್ಯೂಟಿ ಸಾಲು, ಓಡೋಮೀಟರ್ 612338. ಪಿಸಿ ಶುರು 20:28, ಜಾಗ 41.1, -100.8. ಎಂಜಿನ್ ಆಫ್ 22:16, ಜಾಗ 41.1, -103.0, ಓಡೋಮೀಟರ್ 612459. ಅಕ್ಷಾಂಶ ಕದಲಿಲ್ಲ, ರೇಖಾಂಶ 2.2 ಡಿಗ್ರಿ ಪಶ್ಚಿಮಕ್ಕೆ ಜಾರಿದೆ. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ 52 ಮೈಲಿಯ ಹತ್ತಿರ. ಮಸುಕು ಮಾಡಿದ ಮೇಲೂ 115 ಮೈಲಿ ಓಡಿದ್ದು ಕಣ್ಣಿಗೆ ಹೊಡೆಯುತ್ತದೆ, ಓಡೋಮೀಟರ್ ಕಳೆದರೆ 121 ಸಿಗುತ್ತದೆ. ಮರುದಿನದ ಸರಕು ಪತ್ರ, ಅಂದರೆ ಬಿಲ್ ಆಫ್ ಲೇಡಿಂಗ್‌ನಲ್ಲಿ ಶೈಯೆನ್ ಅಂತಿದ್ದರೆ ಇನ್ಸ್‌ಪೆಕ್ಟರ್ ಕೇಳಲು ಬೇರೆ ಪ್ರಶ್ನೆಯೇ ಉಳಿಯಲ್ಲ. ಮಸುಕು ಇರೋದು ಡ್ರೈವರ್ ಯಾವ ಹೋಟೆಲ್‌ಗೆ, ಯಾರ ಮನೆಗೆ ಹೋದ ಅನ್ನೋದನ್ನು ಮುಚ್ಚಲು. ಎಷ್ಟು ದೂರ ಹೋದ ಅನ್ನೋದನ್ನು ಮುಚ್ಚಲು ಅಲ್ಲ.

ದಾರಿಯಲ್ಲಿ ತಡೆದವರ ಕೈಗೆ ಇಂದಿನದು ಮತ್ತು ಹಿಂದಿನ 7 ದಿನದ ಲಾಗ್ ಹೋಗುತ್ತದೆ. ಕಂಪನಿಯ ಕಚೇರಿಯಲ್ಲಿ ನಡೆಯುವ ಆಡಿಟ್‌ಗೆ 6 ತಿಂಗಳದ್ದು, ಜೊತೆಗೆ 395.11ರ ಪೂರಕ ದಾಖಲೆಗಳು: ಬಿಲ್ ಆಫ್ ಲೇಡಿಂಗ್, ಡಿಸ್ಪ್ಯಾಚ್ ದಾಖಲೆ, ಖರ್ಚಿನ ರಸೀದಿ, ಮೊಬೈಲ್ ಸಂವಹನದ ದಾಖಲೆ, ಸಂಬಳದ ದಾಖಲೆ. ಕಂಪನಿಯ ಟೆಲಿಮ್ಯಾಟಿಕ್ಸ್ (ಗಾಡಿ ಎಲ್ಲಿದೆ ಅಂತ ತೋರಿಸುವ ವ್ಯವಸ್ಥೆ) ಬೇರೆ ಇದ್ದರೆ ಅದರಲ್ಲಿ ಜಾಗ ಮಸುಕಾಗಿರಲೇಬೇಕೆಂದಿಲ್ಲ. ಡಿಸ್ಪ್ಯಾಚರ್ ರಾತ್ರಿ 8:30ಕ್ಕೆ "ಆದಷ್ಟು ಪಶ್ಚಿಮಕ್ಕೆ ಬಾ" ಅಂತ ಕಳಿಸಿದ ಒಂದು ಮೆಸೇಜ್ ಸಾಕು, ಪಿಸಿ ಕುಸಿದುಬೀಳಲು.

ಬಟನ್ ಒತ್ತುವ ಕ್ರಮ ಮುಖ್ಯ. ಗಾಡಿ ಕದಲುವ ಮೊದಲೇ ಪಿಸಿ ಆರಿಸಬೇಕು. ಇಎಲ್‌ಡಿ ಗಂಟೆಗೆ ಹೆಚ್ಚೆಂದರೆ 5 ಮೈಲಿ ವೇಗದಲ್ಲೇ "ಚಲಿಸುತ್ತಿದೆ" ಅಂತ ಹಿಡಿದು ಡ್ರೈವಿಂಗ್ ಬರೆಯುತ್ತದೆ. ಹಾಗೆ ತಾನಾಗಿ ಬಿದ್ದ ಡ್ರೈವಿಂಗ್ ಸಮಯವನ್ನು ಆಮೇಲೆ ಕಡಿಮೆ ಮಾಡಲು, ಆಫ್ ಡ್ಯೂಟಿಗೆ ಬದಲಿಸಲು ಡ್ರೈವರ್‌ಗೂ ಆಗಲ್ಲ, ಕಚೇರಿಯವರಿಗೂ ಆಗಲ್ಲ. ಮರೆತರೆ ಉಳಿದ ದಾರಿ ಒಂದೇ: ನಿಜವಾಗಿ ಏನಾಯಿತು ಅಂತ ಟಿಪ್ಪಣಿ ಬರೆದು ಇಡುವುದು. ಕಂಪನಿ ಪಿಸಿ ಬಟನ್ನನ್ನೇ ಕೊಟ್ಟಿಲ್ಲ, ಆದರೆ ಪಿಸಿಗೆ ಒಪ್ಪಿಗೆ ಇದೆ ಅಂದರೂ ಹೀಗೇ, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಟಿಪ್ಪಣಿ.

ಎಂಜಿನ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಇಎಲ್‌ಡಿ "ಪಿಸಿ ಮುಂದುವರಿಸಬೇಕಾ" ಅಂತ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರಿಸದೆ ಹೊರಟರೆ ಪಿಸಿ ಬಿದ್ದುಹೋಗಿ ಡ್ರೈವಿಂಗ್ ಬೀಳುತ್ತದೆ. ಊಟ ಮಾಡಿ ವಾಪಸ್ ಟ್ರಕ್ ಸ್ಟಾಪ್‌ಗೆ ಬರುವ ಎರಡು ಮೈಲಿಯಲ್ಲಿ 10 ಗಂಟೆಯ ವಿಶ್ರಾಂತಿ ಮುರಿದುಹೋಗುವುದು ಹೀಗೇ. ಫೋನ್ ಹಿಡಿಕೆಯಲ್ಲಿ ಪರದೆ ಕಪ್ಪಾಗಿರುತ್ತದೆ, ಪ್ರಶ್ನೆ ಅದರ ಹಿಂದೆ ಕಾಯುತ್ತಾ ಕೂತಿರುತ್ತದೆ.

ಯಾರ್ಡ್ ಮೂವ್ ಬೇರೆ, ಪಿಸಿ ಬೇರೆ. ಯಾರ್ಡ್ ಮೂವ್ ಬರೆಯೋದು ಆನ್ ಡ್ಯೂಟಿ ಸಾಲಿನಲ್ಲಿ. ಸಾರ್ವಜನಿಕ ರಸ್ತೆಗೆ ಚಕ್ರ ಇಟ್ಟ ಮೇಲೆ ಅದು ಮುಗಿಯಿತು.

---

ಎಕ್ಸಿಟ್_179:

ಸ್ಪ್ಲಿಟ್ ಕೋನ ತಲೆಗೇ ಬಂದಿರಲಿಲ್ಲ. ಎರಡು ಮರುಪ್ರಶ್ನೆ. ಟಿಪ್ಪಣಿಯಲ್ಲಿ ನಿಖರವಾಗಿ ಏನು ಬರೆಯಬೇಕು? ಮತ್ತೆ 10 ಗಂಟೆಯ ಎಣಿಕೆಗೆ ಯಾರೂ ಉತ್ತರ ಕೊಟ್ಟಿಲ್ಲ. 8:28ಕ್ಕೆ ಪಿಸಿ ಹಾಕಿ 8:45ಕ್ಕೆ ಟ್ರಕ್ ಸ್ಟಾಪ್‌ನಲ್ಲಿ ನಿಂತರೆ ಬೆಳಿಗ್ಗೆ 6:28ಕ್ಕೆ ಹೊರಡಬಹುದಾ, 6:45ಕ್ಕಾ?

---

ಲಾಗ್_ತಪಾಸಣೆ:

6:28. ಪಿಸಿ ಆಫ್ ಡ್ಯೂಟಿ, ಗಂಟೆ ಮಿತಿಯ ನಿಯಮ 395.3 ಕೇಳೋದು ಸತತ 10 ಗಂಟೆ ಆಫ್ ಡ್ಯೂಟಿ. ನಡುವೆ ಪಿಸಿ ಬಂದರೆ ಅದು ಮುರಿಯಲ್ಲ. 70 ಗಂಟೆಯ ಲೆಕ್ಕ ಹೊಸದಾಗಿ ಶುರು ಮಾಡುವ 34 ಗಂಟೆ ರೀಸ್ಟಾರ್ಟ್‌ಗೂ ಇದೇ ಮಾತು.

ಟಿಪ್ಪಣಿಗೆ ಜಾಗ ಕಡಿಮೆ, 4 ಅಕ್ಷರಕ್ಕೆ ಕಡಿಮೆ ಇಲ್ಲ, 60ಕ್ಕೆ ಮೀರುವಂತಿಲ್ಲ. "ಪಿಸಿ" ಅಂತ ಮಾತ್ರ ಬರೆದರೆ ಏನೂ ಬರೆಯದಂತೆಯೇ. ಮೂರು ಸಂಗತಿ ಹಿಡಿಸಿ: ಏಕೆ, ಎಲ್ಲಿಂದ, ಎಲ್ಲಿಗೆ. "ಅನ್‌ಲೋಡ್ ಆಯ್ತು, ಗಂಟೆ ಮುಗಿದಿದೆ, ಎಕ್ಸಿಟ್ 179 ಟ್ರಕ್ ಸ್ಟಾಪ್‌ಗೆ" ಅನ್ನುವಷ್ಟು. ಮೊದಲ ಜಾಗ ತುಂಬಿದ್ದರೆ ಅಲ್ಲಿಂದ ಹೊರಡುವಾಗ ಎರಡನೇ ಟಿಪ್ಪಣಿ. ಇಂಗ್ಲಿಷ್‌ನಲ್ಲೇ ಇರಲಿ, ಓದುವವರು ನಾವಲ್ಲ. ರಿಸೀವರ್ ಕೊಟ್ಟ ಪೇಪರ್‌ನಲ್ಲಿ ಒಳಗೆ ಬಂದ ಮತ್ತು ಹೊರಗೆ ಹೋದ ಸಮಯ ಬರೆಸಿಕೊಂಡಿದ್ದರೆ ಟಿಪ್ಪಣಿಗಿಂತ ಅದರ ತೂಕ ಹೆಚ್ಚು.

ಕ್ರಮ ಇನ್ನೊಂದು ಸಲ: ಪೇಪರ್ ಪಡೆಯೋದು, ಟ್ರೇಲರ್ ಬಾಗಿಲು ಮುಚ್ಚೋದು, ಕಚೇರಿಗೆ ಲೋಡ್ ಮುಗಿದಿದೆ ಅಂತ ತಿಳಿಸೋದು, ಇವೆಲ್ಲ ಆನ್ ಡ್ಯೂಟಿ. 14 ಗಂಟೆ ಮುಗಿದ ಮೇಲೂ ಆನ್ ಡ್ಯೂಟಿ ಕೆಲಸ ಮಾಡಬಹುದು, ನಿಷೇಧ ಇರೋದು ಡ್ರೈವಿಂಗ್‌ಗೆ ಮಾತ್ರ. 8 ದಿನದ 70ಕ್ಕೆ ಅದು ಸೇರುತ್ತದೆ ಅಷ್ಟೆ. ಇದೆಲ್ಲ ಮುಗಿಸಿ ಆಫ್ ಡ್ಯೂಟಿ, ಆಮೇಲೆ ಪಿಸಿ, ಟಿಪ್ಪಣಿ, ಆಮೇಲೆ ಬ್ರೇಕ್ ಬಿಡೋದು. ನಿಲ್ಲಿಸಿದ ಕೂಡಲೇ ಪಿಸಿ ತೆಗೆಯಿರಿ. ಟ್ರಕ್ ಸ್ಟಾಪ್‌ಗೆ ಬಂದವರು ನೇರ ಡೀಸೆಲ್ ಪಂಪ್‌ಗೆ ಹೋಗಿ ಪಿಸಿಯಲ್ಲೇ ಇಂಧನ ತುಂಬಿಸಿದರೆ ರಸೀದಿಯ ಸಮಯವೇ ಸಾಕ್ಷಿ ಹೇಳುತ್ತದೆ: ಇಂಧನ ತುಂಬಿಸೋದು ಆನ್ ಡ್ಯೂಟಿ ಕೆಲಸ, 10 ಗಂಟೆ ಅಲ್ಲಿಗೆ ಮುರಿಯಿತು.

---

ಏಳು_ಮೂರು:

10 ಗಂಟೆಯ ಮಾತಿಗೆ ಸ್ವಲ್ಪ ಭಿನ್ನಾಭಿಪ್ರಾಯ. ಅಕ್ಷರಶಃ 6:28 ಸರಿ. ಆದರೆ ಮಾರ್ಗದರ್ಶನದ ಅದೇ ಸಾಲು, ಪಿಸಿ ಓಡಾಟ ಆದ ಮೇಲೂ 395.3ರ ಕನಿಷ್ಠ ಅವಧಿಯ ಪ್ರಕಾರ ವಿಶ್ರಾಂತಿಗೆ ಸಾಕಷ್ಟು ಸಮಯ ಉಳಿಯಬೇಕು ಅನ್ನುತ್ತದೆ. ಅದನ್ನು ಓದಿದ ಕೆಲವು ಕಂಪನಿಗಳ ಸೇಫ್ಟಿ ವಿಭಾಗದವರು ನಿಲ್ಲಿಸಿದ ಮೇಲೆಯೇ 10 ಗಂಟೆ ಎಣಿಸಿ ಅಂತ ಬರೆದಿಡುತ್ತಾರೆ. 17 ನಿಮಿಷಕ್ಕೆ ಇದು ಕೂದಲು ಸೀಳುವ ಚರ್ಚೆ. ಒಂದೂವರೆ ಗಂಟೆ ಪಿಸಿ ಓಡಿಸಿ, ಎಂಟೂವರೆ ಗಂಟೆಯಲ್ಲೇ ಮತ್ತೆ ಡ್ರೈವಿಂಗ್ ಶುರು ಮಾಡಿ, ಮರುದಿನ ಅಪಘಾತ ಆದರೆ ಕೂದಲು ಸೀಳುವವರು ವಕೀಲರು. ನಿಯಮ ಮುರಿಯಿತಾ ಅನ್ನೋದು ಅಲ್ಲಿ ಎರಡನೇ ಪ್ರಶ್ನೆ, ಡ್ರೈವರ್ ಎಷ್ಟು ಹೊತ್ತು ಮಲಗಿದ್ದ ಅನ್ನೋದು ಮೊದಲನೆಯದು.

ಸ್ಪ್ಲಿಟ್ ಬಳಸುವವರಿಗೆ ಮಾತ್ರ ಇಲ್ಲಿ ನಿಜವಾದ ಗುಂಡಿ ಇದೆ. 7 ಗಂಟೆಯ ತುಂಡು ಸತತ ಸ್ಲೀಪರ್ ಆಗಿರಬೇಕು. ಪಿಸಿ ಆಫ್ ಡ್ಯೂಟಿ ಸಾಲು. 4 ಗಂಟೆ ಮಲಗಿ, ಎದ್ದು ಪಿಸಿಯಲ್ಲಿ ಊಟಕ್ಕೆ ಹೋಗಿ, ಬಂದು 3 ಗಂಟೆ ಮಲಗಿದರೆ 7 ಆಗಲ್ಲ. ಅಲ್ಲಿ ಇರೋದು 4 ಮತ್ತು 3, ಜೋಡಿ ಕೂಡಲ್ಲ, ಹಿಂದಿನ ರಾತ್ರಿಯ ಡ್ರೈವಿಂಗ್ ಪೂರ್ತಿ ಉಲ್ಲಂಘನೆ ಆಗಿ ತಿರುಗುತ್ತದೆ. ಚಿಕ್ಕ ತುಂಡಿನಲ್ಲಿ ಪಿಸಿ ಇದ್ದರೆ ತೊಂದರೆ ಇಲ್ಲ.

---

ಕೆಂಪು_ದೀಪ:

ಮೇಲೆ ಯಾರೂ ಮುಟ್ಟದ ಒಂದೆರಡು ವಿಷಯ. ಪಿಸಿಯಲ್ಲಿ ಗಂಟೆಯ ಲೆಕ್ಕ ಇಲ್ಲ ಅಷ್ಟೆ, ಉಳಿದ ನಿಯಮಗಳೆಲ್ಲ ಮೈಮೇಲೇ ಇರುತ್ತವೆ. ತಡೆದು ತಪಾಸಣೆ ಮಾಡಬಹುದು, ಬ್ರೇಕ್, ಟೈರ್, ದೀಪ ಎಲ್ಲ ನೋಡಬಹುದು.

ಮದ್ಯದ ನಿಯಮ 392.5 ಓದಿ. ಕುಡಿದು ಓಡಿಸಬಾರದು ಅನ್ನೋದು ಎಲ್ಲರಿಗೂ ಗೊತ್ತು. ಗಾಡಿ ಓಡಿಸುವುದಕ್ಕೆ ಮುಂಚಿನ 4 ಗಂಟೆಯಲ್ಲಿ ಒಂದು ಹನಿಯೂ ಕೂಡದು ಅನ್ನೋದು ಕಡಿಮೆ ಜನಕ್ಕೆ ಗೊತ್ತು. ಮೂರನೆಯದು ಇನ್ನೂ ಕಡಿಮೆ ಜನಕ್ಕೆ: ಸರಕಿನ ಪಟ್ಟಿಯಲ್ಲಿಲ್ಲದ ಬಿಯರ್, ವೈನ್ ಯಾವುದನ್ನೂ ಇಟ್ಟುಕೊಂಡು ಗಾಡಿ ಓಡಿಸುವಂತೆಯೇ ಇಲ್ಲ. ನಿಯಮದಲ್ಲಿ "ಡ್ಯೂಟಿಯಲ್ಲಿ ಅಥವಾ ಗಾಡಿ ಓಡಿಸುವಾಗ" ಅಂತಿದೆ. ಪಿಸಿಯೂ ಗಾಡಿ ಓಡಿಸುವುದೇ. ಅಂಗಡಿಗೆ ಪಿಸಿಯಲ್ಲಿ ಹೋಗಿ, 34 ಗಂಟೆ ರಜೆಗೆ ಅಂತ ಆರು ಕ್ಯಾನ್ ಸೀಲ್ ಒಡೆಯದೆ ತಂದರೂ 24 ಗಂಟೆ ಔಟ್ ಆಫ್ ಸರ್ವಿಸ್.

ಜೊತೆಗೆ ಯಾರನ್ನಾದರೂ ಕೂರಿಸಿಕೊಂಡು ಹೋಗುವುದಾದರೆ 392.60 ಪ್ರಕಾರ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಪಿಸಿಗೆ ಅಂತ ಬೇರೆ ವಿನಾಯಿತಿ ಇಲ್ಲ.

ಫೆಡರಲ್ ಮಾರ್ಗದರ್ಶನ ಅನುಮತಿ ಕೊಡುತ್ತದೆ, ಕಡ್ಡಾಯ ಮಾಡಲ್ಲ. ಕಂಪನಿ ಪಿಸಿ ಪೂರ್ತಿ ನಿಷೇಧಿಸಬಹುದು, 25 ಮೈಲಿ ಮಿತಿ ಹಾಕಬಹುದು, ಲೋಡ್ ಇದ್ದಾಗ ಬೇಡ ಅನ್ನಬಹುದು. ಗಾಡಿ ಹತ್ತುವ ಮೊದಲು ಕಂಪನಿಯ ನೀತಿ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ, ಅಪಘಾತ ಆದಾಗ ವಿಮೆಯವರು ಮೊದಲು ಕೇಳೋದು ಅದನ್ನೇ. ಓನರ್ ಆಪರೇಟರ್‌ಗಳಿಗೆ ಒಂದು ಮಾತು: ಪಿಸಿ ಮೈಲಿ ಲಾಗ್‌ನಲ್ಲಿ ಮಸುಕಾದರೂ ಇಂಧನ ತೆರಿಗೆಯ ಐಎಫ್‌ಟಿಎ ಲೆಕ್ಕದಲ್ಲಿ ಮಸುಕಾಗಲ್ಲ. ಸ್ವಂತಕ್ಕೆ ಓಡಿಸಿದ ಮೈಲಿಯನ್ನೂ ರಾಜ್ಯವಾರು ಸೇರಿಸಬೇಕು. ಬಿಟ್ಟರೆ ಓಡೋಮೀಟರ್‌ಗೂ ವರದಿಗೂ ತಾಳೆ ಆಗಲ್ಲ.

ಪಿಸಿ ತಪ್ಪು ಅಂತ ತೀರ್ಮಾನ ಆದರೆ ಹೊಡೆತ ಎರಡು ಕಡೆಯಿಂದ. ಆ ಸಮಯವನ್ನು ಡ್ರೈವಿಂಗ್ ಅಂತ ಮತ್ತೆ ಲೆಕ್ಕ ಹಾಕಿದಾಗ 11 ಅಥವಾ 14 ಮೀರುತ್ತದೆ, ಜೊತೆಗೆ 395.8ರ ಕೆಳಗೆ ಸುಳ್ಳು ದಾಖಲೆ ಅಂತ ಇನ್ನೊಂದು. 2025ರ ಮೇ 13ರಿಂದ 15ರವರೆಗೆ ನಡೆದ ಸಿವಿಎಸ್‌ಎ ರೋಡ್‌ಚೆಕ್ ಅನ್ನುವ ರಸ್ತೆ ತಪಾಸಣಾ ಅಭಿಯಾನದಲ್ಲಿ ಡ್ರೈವರ್ ಕಡೆಯ ವಿಶೇಷ ಗಮನ ಇದ್ದದ್ದೇ ಲಾಗ್ ದಾಖಲೆಗಳ ಮೇಲೆ.

---

ವಿಂಡ್ಸರ್_ದಾಟಿ:

75ರ ಮೂಲ ಕೆನಡಾ. ಅಲ್ಲಿ ಸ್ವಂತ ಬಳಕೆಗೆ ದಿನಕ್ಕೆ 75 ಕಿಲೋಮೀಟರ್ ಮಿತಿ, ಮೈಲಿ ಅಲ್ಲ. ಲೋಡ್ ಇರಕೂಡದು, ಟ್ರೇಲರ್ ಬಿಚ್ಚಿರಬೇಕು, ಶುರು ಮತ್ತು ಕೊನೆಯ ಓಡೋಮೀಟರ್ ದಾಖಲಾಗಬೇಕು. ಡೆಟ್ರಾಯಿಟ್ ಬದಿಯಲ್ಲಿ ಪೂರ್ತಿ ಸರಿ ಇದ್ದ ಪಿಸಿ, ಟ್ರೇಲರ್ ಕಟ್ಟಿಕೊಂಡೇ ಸೇತುವೆ ದಾಟಿದರೆ ಆಚೆ ಬದಿಯಲ್ಲಿ ತಪ್ಪು.

---

ಎಕ್ಸಿಟ್_179:

ಸರಿ. ಹಾಗಾದರೆ ಈ ಸನ್ನಿವೇಶದಲ್ಲಿ ಕಾಯುವಿಕೆ ಸ್ಲೀಪರ್ ಸಾಲಿನಲ್ಲಿದ್ದರೆ ಡ್ರೈವಿಂಗ್ ಹಾಕಿ ಸಿಡ್ನಿ, ಆನ್ ಡ್ಯೂಟಿ ಸಾಲಿನಲ್ಲಿದ್ದರೆ ಪಿಸಿ ಹಾಕಿ ಎಕ್ಸಿಟ್ 179. ಈಗಾಗಲೇ ಆನ್ ಡ್ಯೂಟಿ ಅಂತ ಬಿದ್ದಿರುವ ಕಾಯುವಿಕೆಯನ್ನು ಆಮೇಲೆ ಸ್ಲೀಪರ್‌ಗೆ ಬದಲಿಸಬಹುದಾ? ಅದು ತಾನಾಗಿ ಬಿದ್ದ ಡ್ರೈವಿಂಗ್ ಅಲ್ಲವಲ್ಲ.

---

ಕೋಡ್_ಮೂರು:

ತಾಂತ್ರಿಕವಾಗಿ ಬದಲಿಸಬಹುದು. ಗಾಡಿ 5 ನಿಮಿಷ ನಿಂತ ಮೇಲೆ ಇಎಲ್‌ಡಿ ಕೇಳುತ್ತದೆ, 1 ನಿಮಿಷ ಉತ್ತರ ಇಲ್ಲದಿದ್ದರೆ ತಾನೇ ಆನ್ ಡ್ಯೂಟಿಗೆ ಹಾಕುತ್ತದೆ. ಬಟನ್ ಒತ್ತಲು ಮರೆತು ಬರ್ತ್‌ಗೆ ಹೋದವರ ಲಾಗ್ ಹಾಗೇ ಉಳಿದಿರುತ್ತದೆ. ತಿದ್ದುವಾಗ ಟಿಪ್ಪಣಿ ಕಡ್ಡಾಯ, ಮೂಲ ದಾಖಲೆ ಅಳಿಯಲ್ಲ, ಎರಡೂ ಇನ್ಸ್‌ಪೆಕ್ಟರ್‌ಗೆ ಕಾಣುತ್ತವೆ. ಡ್ರೈವರ್ ನಿಜಕ್ಕೂ ಬರ್ತ್‌ನಲ್ಲಿದ್ದರೆ ತಿದ್ದಿ, ಅದೂ ಡಾಕ್ ಬಿಟ್ಟು ಹೊರಡುವ ಮೊದಲು. ಡಾಕ್ ಮೇಲೆ ನಿಂತು ಪ್ಯಾಲೆಟ್ ಎಣಿಸಿ, ಎಣಿಕೆ ಹಾಳೆಗೆ 5:40ಕ್ಕೆ ಸಹಿ ಹಾಕಿದ್ದರೆ ತಿದ್ದಬೇಡಿ. ಆ ಹಾಳೆ ಬಿಲ್ ಆಫ್ ಲೇಡಿಂಗ್‌ಗೆ ಪಿನ್ ಹೊಡೆದು ಕಚೇರಿಗೆ ಬಂದೇ ಬರುತ್ತದೆ.